ಮೈಕು ಬಿಟ್ಟು ನಡೆದ ನಜೀರ

ಮಗಳು ತಂದ ಕ್ಯಾನ್ವಾಸ್ ಶೂಗಳ ಡಬ್ಬಿ ತೆರೆದೆ. ರಬ್ಬರ್ ವಾಸನೆಗೆ ನಿಟ್ಟುವಳ್ಳಿಯ ನಜೀರನ ಚಪ್ಪಲಿ ಅಂಗಡಿ ನೆನಪಾಯಿತು. ಈಚೆಗೆ ನನಗೆ ನಿದ್ದೆ ಸರಿಯಿಲ್ಲ. ಬೆಳಗ್ಗೆ ಎದುರಾದವರ ಹೆಸರು ಹೊಳೆಯುವುದಿಲ್ಲ. ಪತ್ರಿಕಾ ಕಚೇರಿಯಲ್ಲಿ ಕೂತು ಕಂಡವರ ಹೆಸರನ್ನೆಲ್ಲ ತಿದ್ದಿಕೊಂಡು ಬಂದವನಿಗೆ ಇದು ಶೋಭೆಯಲ್ಲ. ನಜೀರ ಮಾತ್ರ ಚೆನ್ನಾಗಿ ನೆನಪಿದ್ದಾನೆ.

ಹರಿಹರದಾಚೆಯ ಭಾನುವಳ್ಳಿ ಅವನ ತಾಯಿಯ ಊರು. ಅಲ್ಲಿಯವರು ಆಡುವ ಸಾಮಾಜಿಕ ನಾಟಕದಲ್ಲಿ ಅವನಿಗೆ ಖಳನ ಪಾತ್ರ ಸಿಕ್ಕಿತ್ತು. ತಾಯಿ ಊರಿಗೆಲ್ಲ ಹೇಳಿಕೊಂಡಿದ್ದರು. ಆದರೆ ನಜೀರನ ಮನೆಯಲ್ಲಿ ಅವಳಿ ಕೂಸುಗಳು. ಒಂದು ಮಲಗಿದರೆ ಇನ್ನೊಂದು ಏಳುತ್ತಿತ್ತು. ತಾಲೀಮಿನಲ್ಲಿ ಅವನು ನಿದ್ದೆಗೆಟ್ಟ ಕೆಂಪು ಕಣ್ಣಿನಲ್ಲಿ ಮಾತು ಮರೆತು ನಿಲ್ಲುತ್ತಿದ್ದ. ಹಾರ್ಮೋನಿಯಂ ನುಡಿಸಿ ನಾಟಕ ಕಲಿಸುವ ಪೇಟಿ ಮಾಸ್ತರು ಒಂದು ಸಂಜೆ ಪೇಟಿ ಮುಚ್ಚಿದರು.

"ಕಣ್ಣೇನೋ ಖಳನಾಯಕಂದೇ ಐತೆ ಸಾಬ್ರೆ, ಬಾಯಿ ಮೂಕಂದು. ಸೋಮವಾರಕ್ಕ ಮಾತು ಬರ್ಲಿಲ್ಲಂದ್ರ ಬ್ಯಾರೆಯವ್ರಿಗೆ ಕೊಡ್ತೀನಿ."

ಮರುದಿನ ಬೆಳಗ್ಗೆಯೇ ನಜೀರ ಎಂ.ಸಿ.ಸಿ. ಬಡಾವಣೆಯ ನಮ್ಮ ಮನೆಗೆ ಬಂದ. "ನಡೀರಿ ಅಣ್ಣ, ಕುಂತ್ರ ಪಾರ್ಟು ತಲಿಗೆ ಹತ್ತವಲ್ದು." ಅವನು ಬಿರಬಿರನೆ ನಡೆಯುತ್ತ ಮಾತು ಒಪ್ಪಿಸಿದ, ನಾನು ಹಾಳೆ ಹಿಡಿದು ಏದುಸಿರಿನಲ್ಲಿ ತಪ್ಪು ಹುಡುಕಿದೆ. ಬೆವರಿಳಿದಂತೆ ಅವನ ಭುಜಗಳು ಸಡಿಲವಾದವು, ಮಾತುಗಳು ಒಂದರ ಹಿಂದೊಂದು ಬಂದವು. "ನಿನ್ನ ವಂಶಾನೇ ಉಳಿಸಲ್ಲ" ಎಂದು ಅವನು ಗುಡುಗಿದಾಗ ರಂಗೋಲಿ ಹಾಕುತ್ತಿದ್ದ ಹೆಂಗಸೊಬ್ಬರು ಒಳಗೆ ಹೋಗಿ ಗೇಟು ಹಾಕಿಕೊಂಡರು.

ಪಾತ್ರ ಉಳಿಯಿತು. ನಾಟಕದ ದಿನವೇ ಗೊತ್ತಾಯಿತು, ನಡೆಯುತ್ತ ಕಲಿತದ್ದು ನಿಂತರೆ ಬರುವುದಿಲ್ಲವೆಂದು. ಮೈಕು ರಂಗದ ನಡುವೆ ತೂಗುತ್ತಿತ್ತು. ಇವನು ಆ ತುದಿಯಿಂದ ಈ ತುದಿಗೆ ಓಡಾಡಿದ. ಅರ್ಧ ಮಾತು ಊರಿಗೆ ಕೇಳಿಸಿತು, ಅರ್ಧ ಅವನಿಗಷ್ಟೇ.

"ಮೈಕಿನ ಬುಡಕ್ಕ ಬಾರೋ ಅಳಿಯಾ" ಎಂದರು ಜನ. ಬಂದು ನಿಂತ, ಮಾತೂ ನಿಂತಿತು. ಮುಂದೆ ಕುಳಿತಿದ್ದ ತಾಯಿ ಸೆರಗನ್ನು ಬಾಯಿಗೆ ಒತ್ತಿಕೊಂಡರು. ಮಾಸ್ತರು ಕೂತಲ್ಲಿಂದಲೇ "ನಡೀರಿ ಸಾಬ್ರೆ" ಎಂದು, ಮೈಕಿನವನಿಗೆ ಸನ್ನೆ ಮಾಡಿದರು. ಆತ ಮೈಕನ್ನು ಬಿದಿರಿನ ಗಳಕ್ಕೆ ಕಟ್ಟಿ ಹಿಡಿದ. ಅಂದು ಖಳನಾಯಕನ ಹಿಂದೆ ಮೈಕೇ ನಡೆಯಿತು. ತಾಯಿ ಎದ್ದು ನಿಂತು ನೋಡಿದರು.

ನಡಿಗೆ ನೆನಪನ್ನು ತಂದಿತೋ, ಅಂಜಿಕೆಯನ್ನು ಕಳೆಯಿತೋ? ಆಮೇಲೆ ನಜೀರನನ್ನೇ ಕೇಳಿದ್ದೆ.

"ನಡೆದ್ರ ಎದಿ ಹಗುರ ಆಗ್ತೈತೆ ಅಣ್ಣ, ಮಾತು ತಾವೇ ಬರ್ತಾವ. ನಿದ್ದಿ ಮಾತ್ರ ನಡೆದ್ರೂ ತೀರಲ್ಲ, ಮಲಗೇ ತೀರ್ಬೇಕು."

ಒಬ್ಬನ ಹೇಳಿಕೆಯಿಂದ ಸುದ್ದಿಯಾಗದು, ಇನ್ನೊಂದು ಮೂಲ ಬೇಕು ಎಂಬುದು ನಮ್ಮ ವೃತ್ತಿಯ ಶಿಸ್ತು. ಮಗಳು ತಂದ ಶೂ ಕಟ್ಟಿ ನಡೆಯಲು ಹೊರಟೆ. ಎದುರು ಮನೆಯವರು ಗೇಟಿನಲ್ಲಿ ನಮಸ್ಕಾರ ಅಂದರು. ಹೆಸರು ಹೊಳೆಯದೆ ಬರಿದೆ ನಕ್ಕೆ. ಬೆವರಿ ಮರಳುವಾಗಲೂ ಅವರು ಅಲ್ಲೇ ಇದ್ದರು.

"ಚಾ ಆಯ್ತೇನ್ರಿ, ಬಸವರಾಜಪ್ಪ?" ಎಂದೆ.

ಅವರು ಆಯ್ತೆಂದು ತಲೆಯಾಡಿಸಿದರು. ಹೆಸರು ತಿದ್ದಲಿಲ್ಲ.