ಬೆಡ್‌ಶೀಟಿನ ಇನ್ನೊಂದು ತುದಿ

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಆಸ್ಪತ್ರೆಯ ಹಿಂಭಾಗದ ಲಾಂಡ್ರಿಯಲ್ಲಿ ಒಗೆಯುವ ಯಂತ್ರಗಳು ಆಗಲೇ ಗುಡುಗುತ್ತಿವೆ. ಇಸ್ತ್ರಿಯಂತ್ರದ ಉರುಳೆಗಳ ನಡುವಿನಿಂದ ಬಿಸಿಬಿಸಿಯಾಗಿ ಜಾರಿ ಬಂದ ಬೆಡ್‌ಶೀಟನ್ನು ಆಕೆ ಎತ್ತಿಕೊಳ್ಳುತ್ತಾಳೆ. ಎರಡು ಮೂಲೆಗಳನ್ನು ಗೋಡೆಯ ಕೊಕ್ಕೆಗಳಿಗೆ ಸಿಕ್ಕಿಸಿ, ಇನ್ನೆರಡನ್ನು ಕೈಯಲ್ಲಿ ಹಿಡಿದು ಹಿಂದೆ ಸರಿಯುತ್ತಾಳೆ. ಬಟ್ಟೆ ಬಿಗಿಯಾದಾಗ ಒಮ್ಮೆ ಜಗ್ಗುತ್ತಾಳೆ. ಆಮೇಲೆ ಗೋಡೆಯ ಕಡೆಗೆ ನಡೆದು, ಮೂಲೆಗೆ ಮೂಲೆ ಸೇರಿಸಿ ಮಡಚುತ್ತಾಳೆ.

ಇದು ಇಬ್ಬರ ಕೆಲಸ. ಉಳಿದ ಮೇಜುಗಳ ಬಳಿ ಇಬ್ಬಿಬ್ಬರು ಎದುರುಬದುರು ನಿಂತು ಜಗ್ಗುತ್ತಾ ಹರಟುತ್ತಿದ್ದಾರೆ. ಆಕೆಯ ಎದುರಿಗೆ ಸುಣ್ಣ ಬಳಿದ ಗೋಡೆ.

"ಗೋಡೆ ಸರಿಯಾಗಿ ಎಳೆಯುತ್ತೆ," ಎನ್ನುತ್ತಾಳೆ ಇಪ್ಪತ್ತಾರರ ಈ ಹೆಣ್ಣುಮಗಳು. "ಮನುಷ್ಯರು ನನ್ನನ್ನ ಕಂಡ್ರೆ ಕೈ ಸಡಿಲ ಬಿಡ್ತಾರೆ. ಆಗ ಮಡಿಕೆ ಸೊಟ್ಟ ಬರುತ್ತೆ."

ಈ ಕಟ್ಟಡದ ರೋಗಿಗಳೆಲ್ಲ ಆಕೆ ಮಡಚಿದ ಬಟ್ಟೆಯ ಮೇಲೆ ಮಲಗುತ್ತಾರೆ. ಆಕೆಯ ಮುಖ ಕಂಡವರು ಯಾರೂ ಇಲ್ಲ. ದಿನಕ್ಕೆ ಮುನ್ನೂರಕ್ಕೂ ಹೆಚ್ಚು ಶೀಟುಗಳು ಆಕೆಯ ಕೈ ದಾಟಿ ವಾರ್ಡುಗಳಿಗೆ ಹೋಗುತ್ತವೆ.

ಒಂದು ಕಾಲದಲ್ಲಿ ಆಕೆಯ ಎದುರಿಗೂ ಒಬ್ಬರಿದ್ದರು. ಯಂತ್ರಕ್ಕೆ ಬಟ್ಟೆ ತುಂಬುತ್ತಿದ್ದ ಹುಡುಗ ಒಂದು ದಿನ ಯಾರದೋ ಬದಲಿಗೆ ಬಂದು ನಿಂತ. ಮರುದಿನವೂ ಬಂದ. "ಅವರು ಎಳೆಯೋ ರೀತಿಯಲ್ಲೇ ಸ್ವಭಾವ ಗೊತ್ತಾಯ್ತು. ಜಾಸ್ತಿನೂ ಎಳೀತಿರಲಿಲ್ಲ, ಕಮ್ಮಿನೂ ಇಲ್ಲ." ಲಾಂಡ್ರಿಯವರು ಅವರಿಬ್ಬರಿಗೆ ಜೋಡೆತ್ತು ಎಂದು ಹೆಸರಿಟ್ಟರು. ಆಮೇಲೆ ಮದುವೆಯಾಯಿತು.

ಮದುವೆಯಾಗಿ ಇನ್ನೂ ಎರಡು ತಿಂಗಳು ಕಳೆದಿರಲಿಲ್ಲ, ಮೆಟ್ಟಿಲು ಹತ್ತುವಾಗ ಆಕೆಗೆ ಉಸಿರು ಸಾಲದಂತಾಯಿತು. ಹಬೆಯ ಕಾಟ ಎಂದರು ಜೊತೆಗಾರರು. ಆಕೆಯೂ ಹಾಗೇ ಅಂದುಕೊಂಡಳು. ಮನೆಯಲ್ಲಿ ಅಂಗಾತ ಮಲಗಿದರೆ ಎದೆಯ ಮೇಲೆ ಯಾರೋ ಕೂತಂತೆ. ಹಾಗಾಗಿ ಗಂಡನ ಪಕ್ಕದಿಂದ ಮೆಲ್ಲಗೆ ಎದ್ದು, ಕಿಟಕಿಯ ಬಳಿಯ ಕುರ್ಚಿಯಲ್ಲಿ ಕೂತೇ ತೂಕಡಿಸತೊಡಗಿದಳು.

ಕುರ್ಚಿಯಲ್ಲಿ ಕೂತ ಸೊಸೆಯನ್ನು ಕಂಡ ಅತ್ತೆಗೆ ಬೇರೆಯೇ ಅರ್ಥವಾಯಿತು. "ಹೊಸದರಲ್ಲೇ ಹೀಗೆ ಮುನಿಸಿಕೊಂಡ್ರೆ ಹೇಗಮ್ಮಾ?" ಎಂದು ಕೇಳಿ, ಮಗನನ್ನು ಮೂಲೆಗೆ ಕರೆದು ಗದರಿದರು. ತಾನು ಆಕೆಗೆ ಹಿಡಿಸಲಿಲ್ಲವೇನೋ ಎಂದು ಅವನು ಒಳಗೊಳಗೇ ಕುಗ್ಗಿದ, ಕೇಳಲಿಲ್ಲ. ತವರಿನವರು ರೋಗಿಷ್ಠೆಯನ್ನು ಕಟ್ಟಿದರು ಎನ್ನಿಸಿಕೊಳ್ಳುವ ಭಯಕ್ಕೆ ಆಕೆಯೂ ಬಾಯಿ ಬಿಡಲಿಲ್ಲ. ಪಾದ ಊದಿ ಚಪ್ಪಲಿ ಹಿಡಿಸದಾದಾಗ ಅತ್ತೆಯ ಚಪ್ಪಲಿ ಮೆಟ್ಟಿಕೊಂಡು ಕೆಲಸಕ್ಕೆ ಹೋದಳು.

ಒಂದು ಬೆಳಿಗ್ಗೆ ಶೀಟು ಹಿಡಿದು ನಿಂತಿದ್ದಾಗ ಗಂಡ ಎಂದಿಗಿಂತ ತುಸು ಜೋರಾಗಿ ಜಗ್ಗಿದ, ತಮಾಷೆಗೆ. ಹೇಗಾದರೂ ಆಕೆ ನಗಲಿ ಎಂದು. ಆಕೆ ಮುಗ್ಗರಿಸಿ ಬಿದ್ದಳು. ಅವಳೂ ಆಟವಾಡುತ್ತಿದ್ದಾಳೆ ಎಂದುಕೊಂಡು ಅವನು ನಕ್ಕ. ತುಟಿ ನೀಲಿಗಟ್ಟಿದ್ದನ್ನು ಮೊದಲು ಕಂಡವರು ಪಕ್ಕದ ಮೇಜಿನ ಅಕ್ಕ.

ಅಷ್ಟು ವರ್ಷ ದುಡಿದ ಆಸ್ಪತ್ರೆಯೊಳಗೆ ಆಕೆ ಮುಂಬಾಗಿಲಿನಿಂದ ಹೋದದ್ದು ಅದೇ ಮೊದಲು, ಸ್ಟ್ರೆಚರ್ ಮೇಲೆ. ಚಿಕ್ಕಂದಿನಲ್ಲಿ ಕೀಲುನೋವಿನ ಜೊತೆ ಬಂದು ಹೋಗಿದ್ದ ಜ್ವರ ಹೃದಯದ ಕವಾಟವೊಂದನ್ನು ಕೆಡಿಸಿತ್ತು. ಹೃದಯ ಸೋತು, ಶ್ವಾಸಕೋಶದಲ್ಲಿ ನೀರು ತುಂಬಿತ್ತು. ವೈದ್ಯರು ಎದೆ ತೆರೆದು ಲೋಹದ ಕವಾಟ ಕೂರಿಸಿದರು. ಎಚ್ಚರವಾದಾಗ ಆಕೆಯ ಕಣ್ಣಿಗೆ ಬಿದ್ದದ್ದು ಹೊದಿಸಿದ್ದ ಶೀಟಿನ ಮಡಿಕೆಯ ಗೀರು. ಅದು ನಡುವಿಗಿರದೆ ಒಂದು ಪಕ್ಕಕ್ಕೆ ಸರಿದಿತ್ತು. "ಯಾರೋ ಒಬ್ರೇ ಮಡಚಿದ್ದಾರೆ ಅಂತ ಗೊತ್ತಾಯ್ತು. ಯಾರು ಅಂತಾನೂ."

ಈಗ ಭಾರ ಎತ್ತಲು, ಜಗ್ಗಲು ವೈದ್ಯರ ಒಪ್ಪಿಗೆಯಿದೆ. ರಕ್ತ ತೆಳುವಾಗಿಸುವ ಮಾತ್ರೆ ಮಾತ್ರ ಜೀವನಪೂರ್ತಿ. ಸಣ್ಣ ಗಾಯವಾದರೂ ಎಚ್ಚರದಿಂದಿರಬೇಕು. ಸದ್ದಿಲ್ಲದ ಕಡೆ ಎದೆಯಿಂದ ಟಿಕ್ ಟಿಕ್ ಕೇಳಿಸುತ್ತದೆ. ನಿನ್ನನ್ನ ಕಟ್ಟಿಕೊಂಡವನಿಗೆ ಅಲಾರಂ ಖರ್ಚು ಉಳೀತು ಎಂದು ಪಕ್ಕದ ಮೇಜಿನ ಆ ಅಕ್ಕ ಒಮ್ಮೆ ಚೇಷ್ಟೆ ಮಾಡಿದ್ದರಂತೆ. ಆಕೆಗೆ ಅದೇ ಹಿತವೆನಿಸಿತ್ತು. ಉಳಿದವರು ಆಕೆಯನ್ನು ಗಾಜಿನ ಲೋಟದಂತೆ ಕಾಣುತ್ತಾರೆ.

ಗಂಡನಂತೂ ರಾತ್ರಿ ಪಾಳಿಗೆ ಹೋಗಿಬಿಟ್ಟಿದ್ದಾನೆ. ಅಲ್ಲಿ ಜನ ಸಾಲದು ಎನ್ನುವುದು ನೆಪ. ಅತ್ತೆಯೊಡನೆ ಅವನು ಹೇಳಿಕೊಂಡದ್ದು ಬೇರೆ: ಅವಳನ್ನು ಎಳೆದು ಬೀಳಿಸಿದ್ದು ನಾನೇ, ನಿದ್ದೆಯಲ್ಲಿ ಕೈ ತಗುಲಿದರೂ ಏನಾದರೂ ಆದೀತು. ಬೆಳಿಗ್ಗೆ ಆಕೆ ಎದ್ದುಹೋದ ಮಂಚಕ್ಕೆ ಅವನು ಬಂದು ಮಲಗುತ್ತಾನೆ.

"ಈಗ ಅಂಗಾತ ಮಲಗಬಲ್ಲೆ," ಎನ್ನುತ್ತಾಳೆ ಆಕೆ. "ಪಕ್ಕದಲ್ಲಿ ಯಾರೂ ಇರಲ್ಲ, ಅಷ್ಟೇ."

ಪಾಳಿ ಮುಗಿಸಿದ ಗಂಡ ಮೇಜಿನ ಬಳಿ ಬರುತ್ತಾನೆ. ನೀರಿನ ಬಾಟಲಿ ಇಟ್ಟು, ಮಾತ್ರೆ ತಗೊಂಡ್ಯಾ ಎಂದು ಕೇಳಿ ಹೊರಡುವುದು ರೂಢಿ. ಇವತ್ತು ಆಕೆ ಕೊಕ್ಕೆಯಿಂದ ಮೂಲೆಗಳನ್ನು ಬಿಡಿಸಿ ಅವನತ್ತ ಚಾಚುತ್ತಾಳೆ.

"ರೀ, ಹಿಡ್ಕೊಳ್ಳಿ."

ಅವನು ಬೆರಳ ತುದಿಯಲ್ಲಿ ಹಿಡಿಯುತ್ತಾನೆ. ಶೀಟು ನಡುವೆ ಜೋತು ನೆಲ ಮುಟ್ಟುವಂತಾಗುತ್ತದೆ.

"ಅವತ್ತು ನೀವು ಎಳೆದಿದ್ದಕ್ಕೆ ನಾನು ಬೀಳಲಿಲ್ಲ. ಮೊದಲೇ ಬೀಳೋಳಿದ್ದೆ, ಹೇಳಿರಲಿಲ್ಲ. ಈಗ ಹೇಳ್ತಿದೀನಿ, ಎಳೀರಿ."

ಅವನು ಅಂಗೈಗೆ ಬಟ್ಟೆ ಸುತ್ತಿಕೊಂಡು ಎಳೆಯುತ್ತಾನೆ. ಆಕೆ ಕಾಲೂರಿ ನಿಂತು ತಾನೂ ಎಳೆಯುತ್ತಾಳೆ. ಶೀಟು ಟಪ್ಪೆಂದು ಬಿಗಿಯಾಗುತ್ತದೆ. ಇಬ್ಬರೂ ನಡೆದು ಬಂದು ಮೂಲೆ ಸೇರಿಸುತ್ತಾರೆ. ಗೀರು ನಟ್ಟನಡುವೆ ಕೂರುತ್ತದೆ.

ಬಾಗಿಲವರೆಗೆ ಹೋದವನು ತಿರುಗಿ, ಬೆಳಗಿನ ಪಾಳಿ ಕೇಳಲಾ ಎನ್ನುತ್ತಾನೆ.

ಆಕೆ ಮುಂದಿನ ಶೀಟನ್ನು ಕೊಕ್ಕೆಗೆ ಸಿಕ್ಕಿಸುತ್ತಿದ್ದಾಳೆ.

"ಕೇಳಿ. ಅಲ್ಲಿವರೆಗೆ ಗೋಡೆ ಇದೆ."