ಮಸ್ಕಿ ರಸ್ತೆಯ ಮಣ್ಣಿನ ಸಾಕ್ಷಿ

ದುರುಗಪ್ಪಾ, ಮಸ್ಕಿ ರಸ್ತೆಯ ಕುಣಿಯಲ್ಲಿ ನಿನ್ನ ಅಳತೆ ಕಡಿಮೆ ಬರುವಂತೆ ಮಾಡಿದವನು ನಾನು. ಓವರ್‌ಸಿಯರನಲ್ಲ, ನಿನ್ನ ತಮ್ಮ ಯಲ್ಲಪ್ಪ ಬೈದಂತೆ ನೀನಂತೂ ಅಲ್ಲವೇ ಅಲ್ಲ — ನಾನು, ಗುತ್ತೇದಾರನ ಮುನ್ಷಿ. ಹನ್ನೊಂದು ವರ್ಷ ಇದನ್ನು ನುಂಗಿಕೊಂಡು ಕೂತಿದ್ದೆ. ನಿನಗೆ ಓದಲು ಬರುವುದಿಲ್ಲ. ಓದಿ ಹೇಳುವವರಿಗೂ ತಿಳಿಯಲೆಂದು ನೀನು ಬಲ್ಲದ್ದನ್ನೂ ಬರೆಯುತ್ತೇನೆ.

ಲಿಂಗಸುಗೂರಿನಿಂದ ಮಸ್ಕಿಗೆ ಹೋಗುವ ರಸ್ತೆಯನ್ನು ಎತ್ತರಿಸುವ ಕೆಲಸ ನಿಜಾಮ ಸರ್ಕಾರದ್ದು. ಗುತ್ತಿಗೆ ಹಿಡಿದವನು ಸಿಂಧನೂರಿನ ನನ್ನ ಧಣಿ. ಅವನಿಂದ ಮಣ್ಣಿನ ಕೆಲಸವನ್ನು ಒಳಗುತ್ತಿಗೆ ಹಿಡಿದವನು ನೀನು. ನಿನ್ನ ಒಂದು ಮಾತಿಗೆ ನಲವತ್ತು ಜನ ಕತ್ತೆಗಳನ್ನು ಹೊಡೆದುಕೊಂಡು ಬಂದು ದೀಪಾವಳಿಯವರೆಗೆ ದುಡಿದರು. ರಸ್ತೆಗೆ ಹಾಕುವ ಮಣ್ಣಿಗಾಗಿ ಬದಿಯಲ್ಲಿ ಕುಣಿ ಅಗೆಯುವಾಗ ನಡುನಡುವೆ ಮಣ್ಣಿನ ಕಂಬಗಳನ್ನು ಮುಟ್ಟದೆ ಬಿಡುವುದು ಪದ್ಧತಿ. ಕಂಬದ ತಲೆ ಎಂದರೆ ಮೊದಲಿದ್ದ ನೆಲ, ಬುಡ ಎಂದರೆ ಅಗೆದ ತಳ. ಆ ಎತ್ತರದ ಮೇಲೆಯೇ ಕೂಲಿ. ಅದಕ್ಕೇ ಆ ಕಂಬವನ್ನು ಸಾಕ್ಷಿ ಎನ್ನುತ್ತಿದ್ದಿರಿ.

ಕಳ್ಳರು ಅದಕ್ಕೆ ಹೇಗೆ ಕೈ ಹಚ್ಚುತ್ತಾರೆಂದು ನೀನೇ ನನಗೆ ಕಲಿಸಿದ್ದೆ — ತಲೆಯ ಮೇಲಿನ ಹುಲ್ಲಿನ ಹೆಂಟೆಯನ್ನು ಬೇರುಸಮೇತ ಎತ್ತಿ, ಕೆಳಗೆ ಮಣ್ಣು ತುಂಬಿ, ಮತ್ತೆ ಕೂರಿಸುತ್ತಾರೆ. ಹುಲ್ಲು ಬಾಡಿದ್ದರೆ ಮೋಸ, ಹಸಿರಿದ್ದರೆ ಖರೆ. ನನ್ನನ್ನು ಮನೆಯವನೆಂದು ತಿಳಿದು ಕಲಿಸಿದೆ. ನಾನು ಉಂಡ ಮನೆಯ ಗಳ ಹಿರಿದೆ.

ಕೆಲಸ ಮುಗಿದಾಗ ಗುರುಗುಂಟಾದಲ್ಲಿ ನಿನ್ನ ಮಗಳ ನಿಶ್ಚಯವಿತ್ತು. ನಿನ್ನ ಮಂದಿಯೆಲ್ಲ ಹೊರಟರು. ಹೊರಡುವಾಗ ನೀನು ಅಂದದ್ದು ಇಷ್ಟೇ: "ರಾಯರ, ಸಾಕ್ಷಿ ನಿಮ್ಮ ಮ್ಯಾಲ ಬಿಟ್ಟು ಹೊಂಟೀನ್ರಿ. ದನ ಏರದಂಗ ನೋಡ್ಕೋರಿ."

ಮರುದಿನ ಓವರ್‌ಸಿಯರ್ ಬಂದು ಸರ್ಕಾರದ ಅಳತೆ ಮಾಡಿದ. ಪೂರ್ತಿ ಎತ್ತರ ಬರೆದುಕೊಂಡ. ಧಣಿಗೆ ಪೂರ್ತಿ ಹಣ ಬರುವುದು ಖಾತ್ರಿಯಾಯಿತು. ಅವನು ಹೋದ ಮೇಲೆ ಧಣಿ ನನ್ನ ಹೆಗಲ ಮೇಲೆ ಕೈಯಿಟ್ಟ. "ದುರುಗ್ಯಾನ ಅಳತಿ ಇನ್ನೂ ಆಗಿಲ್ಲ. ಒಂದು ಗೇಣು ಇಳಿಸು, ಸಾಕು. ಸಿಂಧನೂರಿನ ಮುಂದಿನ ಕೆಲಸದಾಗ ನಾಲ್ಕಾಣೆ ಪಾಲು ನಿಂದು."

ನಾಲ್ಕಾಣೆ ಪಾಲು! ಎಷ್ಟು ದಿನ ಇನ್ನೊಬ್ಬರ ಲೆಕ್ಕ ಬರೆಯುವುದು ಎಂದುಕೊಂಡೆ... ಹಾಡುಹಗಲೇ ಕುಣಿಗೆ ಇಳಿದೆ, ದುರುಗಪ್ಪಾ. ಒಂದೊಂದೇ ಹೆಂಟೆಯನ್ನು ಎತ್ತಿಟ್ಟು, ಕಂಬವನ್ನು ಗೇಣುದ್ದ ಕೆತ್ತಿ, ಹೆಂಟೆಯನ್ನು ಮತ್ತೆ ಕೂರಿಸಿದೆ. ಬಾಡಬಾರದೆಂದು ಮೂರು ದಿನ ಕೊಡದಿಂದ ನೀರು ಹಾಕಿದೆ. ನನ್ನ ಮನೆಯ ತುಳಸಿಗೆ ಕೂಡ ಅಷ್ಟು ನಿಷ್ಠೆಯಿಂದ ನೀರು ಹಾಕಿದವನಲ್ಲ ನಾನು, ಥೂ.

ನೀನು ಬಂದೆ. ಎಲ್ಲರೆದುರು ಅಳತೆಯಾಯಿತು. ಕುಣಿಯ ಅಂಚುಗಳು ಕತ್ತೆಗಳ ಕಾಲಿಗೆ ಕುಸಿದಿದ್ದವು. ಹೋಲಿಸಿ ನೋಡಲು ಬೇರೇನೂ ಇರಲಿಲ್ಲ. ನೀನು ಹುಲ್ಲನ್ನು ಸವರಿದೆ, ತಳ ನೋಡಿದೆ, ಕೊನೆಗೆ ನನ್ನ ಮುಖ ನೋಡಿದೆ. "ಇಷ್ಟ ಹೆಂಗ್ರಿ ಬಂತು? ನೀವು ಇಲ್ಲೇ ಇದ್ರಿ. ನೀವು ಹೇಳ್ರಿ, ನೀವು ಹೇಳಿದ್ದ ಖರೆ."

ನಾನು ಹೇಳಿದೆ — "ಹುಲ್ಲು ಹಸರ ಐತಲ್ಲೋ ದುರುಗಪ್ಪ. ಸಾಕ್ಷಿಗೆ ಯಾರೂ ಕೈ ಹಚ್ಚಿಲ್ಲ."

ನೀನು ಅಷ್ಟಕ್ಕೇ ಒಪ್ಪಿದೆ. ಯಲ್ಲಪ್ಪ ಒಪ್ಪಲಿಲ್ಲ, ನಿನ್ನ ಮೇಲೆ ತಿರುಗಿಬಿದ್ದ. "ಈ ಅಳತಿ ಸುಳ್ಳು! ಧಣಿ ಕೂಡ ಒಳಗಿಂದೊಳಗ ಮಾತಾಡ್ಕೊಂಡಿ ನೀ. ನಮ್ಮ ಬೆವರು ತಿಂದಿ ಅಣ್ಣಾ!" ನಾನು ಅಲ್ಲೇ ನಿಂತಿದ್ದೆ. ಆಗಲಾದರೂ ಒಂದು ಮಾತು — ಇಲ್ಲ, ಆಡಲಿಲ್ಲ. ನೀನು ನನ್ನ ಪರವಾಗಿ ಅವನ ಮೇಲೆಯೇ ಹರಿಹಾಯ್ದೆ. "ರಾಯರ ಹೇಳ್ಯಾರಲೇ! ಅವ್ರು ಸುಳ್ಳು ಯಾಕ ಹೇಳ್ತಾರ?"

ನೀನು ನಿನ್ನ ಕತ್ತೆಗಳನ್ನು ಮಾರಿ ಎಲ್ಲರ ಕೂಲಿ ತುಂಬಿಕೊಟ್ಟೆ. ತಪ್ಪಿಲ್ಲದವನು ಯಾಕೆ ತುಂಬುತ್ತಾನೆ ಎಂದು ಅದನ್ನೇ ನಿನ್ನ ತಪ್ಪಿಗೆ ಗುರುತಾಗಿ ಹಿಡಿದರು. ಯಲ್ಲಪ್ಪ ಮಂದಿಯನ್ನೆಲ್ಲ ಕಟ್ಟಿಕೊಂಡು ಹೋದ.

ಧಣಿ ನನಗೂ ಕೈ ಕೊಟ್ಟ. ನಾಲ್ಕಾಣೆ ಪಾಲು ಅವನ ಭಾವಮೈದುನನಿಗೆ ಹೋಯಿತು. ವರ್ಷಗಟ್ಟಲೆ ಕಂಡಕಂಡವರ ಮುಂದೆ ಅವನನ್ನು ವಿಶ್ವಾಸಘಾತಕ ಎಂದು ಶಪಿಸಿದೆ. ಆ ಮಾತು ಆಡುವಾಗ ನನ್ನ ನಾಲಿಗೆ ಒಮ್ಮೆಯೂ ತಡೆಯಲಿಲ್ಲವಲ್ಲ, ಅದನ್ನು ನೆನೆದರೆ ಈಗ ಮೈ ಉರಿಯುತ್ತದೆ.

ಕಳೆದ ತಿಂಗಳು ಸಿಂಧನೂರಿನ ದಾರಿಯ ಬದಿಯಲ್ಲಿ ನೀನು ಸಿಕ್ಕೆ, ಯಾರದೋ ಕೈಕೆಳಗೆ ಜಲ್ಲಿ ಒಡೆಯುತ್ತಿದ್ದೆ. ನನ್ನನ್ನು ಕಂಡು ಎದ್ದು ನಿಂತು, ಪಕ್ಕದವರಿಗೆ ಹೇಳಿದೆ: "ಇವ್ರು ನಮ್ಮ ರಾಯರು. ಭಾಳ ಖರೆ ಮನುಷ್ಯಾರು." ಯಲ್ಲಪ್ಪ ಹೇಗಿದ್ದಾನೆ ಎಂದು ನಾನು ಕೇಳಿದೆ. ನೀನು ಕಲ್ಲಿನ ಕಡೆ ನೋಡುತ್ತ ಅಂದೆ: "ಮಾತಿಲ್ರಿ. ಅವ್ವ ಸತ್ತಾಗ ಮಣ್ಣಿಗೂ ನನ್ನ ಕರೀಲಿಲ್ಲ."

ಅಂದಿನಿಂದ ನಾನು ನೆಟ್ಟಗೆ ಉಂಡಿಲ್ಲ. ಇದನ್ನು ಕರುಣೆಗಾಗಿ ಬರೆಯುತ್ತಿಲ್ಲ. ಉಣ್ಣದಿದ್ದರೆ ನಿನಗೇನು ಬಂತು?

ಯಲ್ಲಪ್ಪ ಈಗ ಲಿಂಗಸುಗೂರಿನಲ್ಲಿ ಕೆರೆ ಕೆಲಸ ಮಾಡಿಸುತ್ತಿದ್ದಾನಂತೆ. ನಾಳೆ ಅಲ್ಲಿಗೆ ಹೋಗುತ್ತೇನೆ. ಮಂದಿಯೆಲ್ಲ ಬುತ್ತಿ ಬಿಚ್ಚಿ ಕೂತಾಗ, ಎಲ್ಲರಿಗೂ ಕೇಳುವಂತೆ ಹೇಳುತ್ತೇನೆ — ಯಲ್ಲಪ್ಪಾ, ನಿಮ್ಮ ಕೂಲಿ ಕದ್ದವನು ನಿನ್ನ ಅಣ್ಣನಲ್ಲ, ನಾನು. ಹೊಡೆದರೆ ಹೊಡೆಸಿಕೊಳ್ಳುತ್ತೇನೆ. ಆಮೇಲೆ ನಿನ್ನ ಹತ್ತಿರ ಬರುತ್ತೇನೆ. ನಿನ್ನ ತಮ್ಮ ನಿನಗೆ ಮರಳಿ ಸಿಗಬಹುದು. ಆದರೆ ನಿನ್ನ ಅವ್ವ ಹಿರಿಯ ಮಗನ ಕೈಯ ಒಂದು ಹಿಡಿ ಮಣ್ಣಿಲ್ಲದೆ ಹೋದಳು. ಅದನ್ನು ನಾನು ಎಲ್ಲಿಂದ ತಂದುಕೊಡಲಿ?