ಗಾಡಿಮನೆಯ ಕೊಂಡಿ ಮತ್ತು ಗಾಜುವಾಕದ ಮೇಸ್ತ್ರಿ

ಮೇಸ್ತ್ರಿಯ ಎಡ ಹುಬ್ಬು ಅರ್ಧದಷ್ಟೇ ಇತ್ತು. ಉಳಿದರ್ಧ ಯಾವುದೋ ಕಾಲದಲ್ಲಿ ವೆಲ್ಡಿಂಗ್ ಕಿಡಿಗೆ ಸುಟ್ಟುಹೋಗಿ ಮತ್ತೆ ಬೆಳೆಯಲೇ ಇಲ್ಲವಂತೆ. ಹಾಗಾಗಿ ಯಾರ ಮಾತು ಕೇಳುತ್ತಿದ್ದರೂ ಅದನ್ನು ಪೂರ್ತಿ ನಂಬಿಲ್ಲ ಎನ್ನುವಂಥ ಮುಖ ಅವರದು. ಅಂಥ ನೋಟವನ್ನು ನಾನು ಹಿಂದೆ ಕಂಡದ್ದು ನಮ್ಮ ಕಾನ್ವೆಂಟಿನ ಮದರ್ ಸುಪೀರಿಯರ್ ಮುಖದಲ್ಲಿ ಮಾತ್ರ. ಎಪ್ಪತ್ತರ ಹೊಸ್ತಿಲಲ್ಲಿ, ವಿಶಾಖಪಟ್ಟಣದ ಗಾಜುವಾಕದ ಒಂದು ತಗಡಿನ ಷೆಡ್ಡಿನಲ್ಲಿ ಮತ್ತೆ ಅದರ ಎದುರು ನಿಂತಾಗ, ಫ್ರಾಂಕ್ಲಿ, ಹೋಂವರ್ಕ್ ಮಾಡದೆ ಬಂದ ಹುಡುಗಿಯಂತೆ ಆಗಿತ್ತು ನನಗೆ.

ಅಲ್ಲಿಗೆ ಹೋಗುವ ಗತಿ ಯಾಕೆ ಬಂತೆಂದು ಮೊದಲು ಹೇಳಬೇಕು. ನನ್ನ ಯಜಮಾನರು ಬ್ಯಾಂಕಿನಲ್ಲಿದ್ದವರು. ಮೈಸೂರಿನಿಂದ ಅವರ ಮೊದಲ ಟ್ರಾನ್ಸ್‌ಫರ್ ವಿಜಯವಾಡಕ್ಕೆ, ಕೊನೆಯದು ವಿಶಾಖಪಟ್ಟಣಕ್ಕೆ. ರಿಟೈರಾದ ಮೇಲೆ ಅಲ್ಲೇ ಪೆಂಡುರ್ತಿಯಲ್ಲಿ ಉಳಿದುಬಿಟ್ಟೆವು. ಇವರಿಗೆ ಮರಗೆಲಸದ ಹುಚ್ಚು. ಒಂದು ಟ್ರೈಲರ್ ಷಾಸಿ ತರಿಸಿ, ಕಾಂಪೌಂಡಿನೊಳಗೇ ನಿಲ್ಲಿಸಿಕೊಂಡು, ಅದರ ಮೇಲೆ ಎರಡು ಮಂಚ, ಒಲೆ, ನೀರಿನ ಟ್ಯಾಂಕು ಇರುವ ಪುಟ್ಟ ಮನೆಯನ್ನು ನಾಲ್ಕು ವರ್ಷ ಕೂತು ಕಟ್ಟಿದರು. ನಾನು ಕ್ಯಾರವಾನ್ ಎನ್ನುತ್ತಿದ್ದೆ, ಇವರು ಗಾಡಿಮನೆ ಎನ್ನುತ್ತಿದ್ದರು. ನಮ್ಮ ಹಳೇ ಜೀಪಿಗೆ ಅದನ್ನು ಕಟ್ಟಿಕೊಂಡು ವಿಜಯವಾಡಕ್ಕೆ ಹೋಗಬೇಕು, ಮದುವೆಯ ಹೊಸತರಲ್ಲಿ ಸಂಜೆಹೊತ್ತು ಇಬ್ಬರೂ ಅಡ್ಡಾಡುತ್ತಿದ್ದ ಕೃಷ್ಣೆಯ ದಂಡೆಯ ಹತ್ತಿರ ಒಂದು ವಾರ ಇರಬೇಕು. ಇದ್ದದ್ದು ಅದೊಂದೇ ಆಸೆ.

ಮೊದಲ ಸಲ ಹೊರಟಾಗ ತುನಿ ದಾಟಿದ್ದೆವು. ಒಂದು ಬಸ್ಸು ರಭಸದಿಂದ ನಮ್ಮನ್ನು ಓವರ್‌ಟೇಕ್ ಮಾಡಿತು. ಅದರ ಗಾಳಿಗೆ ಗಾಡಿಮನೆಯ ಬಾಲ ಒಮ್ಮೆ ಎಡಕ್ಕೆ, ಒಮ್ಮೆ ಬಲಕ್ಕೆ ಬೀಸತೊಡಗಿತು. ಬೀಸುತ್ತ ಬೀಸುತ್ತ ಜೀಪನ್ನೇ ಅಲ್ಲಾಡಿಸಿಬಿಟ್ಟಿತು. ಇವರು ಹೇಗೋ ವೇಗ ಇಳಿಸಿ ರಸ್ತೆ ಬದಿಗೆ ತಂದು ನಿಲ್ಲಿಸಿದರು.

"ನಿಮಗೆ ಬಸ್ಸು ಕಾಣಲಿಲ್ಲ ಅಲ್ವೇನ್ರೀ?" ಎಂದೆ.

"ಕಂಡಿತ್ತು ಕಣೇ."

"ಕಾಣಲಿಲ್ಲ. ಕಂಡಿದ್ದರೆ ಹೀಗಾಗ್ತಿರಲಿಲ್ಲ. ಕಣ್ಣು ಮಂಜಾಗಿದೆ, ಒಪ್ಕೊಳ್ಳಿ."

ಆ ವರ್ಷವೇ ಇವರ ಒಂದು ಕಣ್ಣಿಗೆ ಆಪರೇಷನ್ ಆಗಿತ್ತು. ಹಗಲು ಹೊತ್ತಿನಲ್ಲಿ ಗಾಡಿ ಓಡಿಸಬಹುದು ಎಂದು ಡಾಕ್ಟರು ಹೇಳಿದ್ದರು. ನಂಬದವಳು ನಾನು. ಅಲ್ಲಿಂದ ಆಮೆಯ ಹಾಗೆ ತೆವಳುತ್ತ ನಾನೇ ಓಡಿಸಿಕೊಂಡು ವಾಪಸ್ ಬಂದೆ. ಅವತ್ತಿನಿಂದ ಇವರನ್ನು ಸ್ಟೇರಿಂಗ್ ಮುಟ್ಟಗೊಡಲಿಲ್ಲ. ಇವರೂ ವಾದ ಮಾಡಲಿಲ್ಲ. ಕ್ರಮೇಣ ಪೇಪರ್ ಓದುವುದನ್ನು ಬಿಟ್ಟರು. ನಮ್ಮದೇ ಮೆಟ್ಟಿಲುಗಳನ್ನು ಗೋಡೆ ಹಿಡಿದು ಇಳಿಯತೊಡಗಿದರು. ನೋಡಿದೆಯಾ, ನಾನು ಹೇಳಿದ್ದೇ ನಿಜ ಎಂದುಕೊಂಡೆ.

ಇಂಟರ್ನೆಟ್ಟಿನಲ್ಲಿ ಹುಡುಕಿದಾಗ ಬಾಲ ಬೀಸುವ ಈ ಕಾಯಿಲೆಗೆ ಸ್ವೇ ಎಂಬ ಹೆಸರಿದೆಯೆಂದೂ, ಅದನ್ನು ತಡೆಯುವ ಕೊಂಡಿಗಳು ಬೇರೆಯೇ ಇವೆಯೆಂದೂ ತಿಳಿಯಿತು. ಹತ್ತಾರು ಪುಟ ಪ್ರಿಂಟ್ ತೆಗೆದು, ಅಂಡರ್‌ಲೈನ್ ಮಾಡಿ, ಫೈಲಿಗೆ ಹಾಕಿಕೊಂಡು, ಖಾಲಿ ಗಾಡಿಮನೆಯನ್ನು ಜೀಪಿಗೆ ಕಟ್ಟಿ, ಇವರನ್ನೂ ಕೂರಿಸಿಕೊಂಡು ಮೇಸ್ತ್ರಿಯ ಷೆಡ್ಡಿಗೆ ಹೋದೆ. ಬಂದರಿನ ಟ್ರೈಲರುಗಳಿಗೆ, ಟ್ರಾಕ್ಟರುಗಳಿಗೆ ಕೊಂಡಿ ಕೂರಿಸುವುದರಲ್ಲಿ ಅವರದು ಎತ್ತಿದ ಕೈ, ಮೇಲಾಗಿ ಕನ್ನಡದವರು ಎಂದು ಯಾರೋ ಹೇಳಿದ್ದರು. ಬಳ್ಳಾರಿ ಕಡೆಯವರು. ಉಕ್ಕಿನ ಕಾರ್ಖಾನೆ ಕಟ್ಟುವಾಗ ವೆಲ್ಡಿಂಗ್ ಕೆಲಸಕ್ಕೆ ಬಂದವರು ಇಲ್ಲಿಯವರೇ ಆಗಿಹೋಗಿದ್ದರು. ಫೋನೆತ್ತಿದರೆ ಹೇಳಿ ಎನ್ನುವ ಬದಲು "ಚೆಪ್ಪಂಡಿ" ಎನ್ನುತ್ತಿದ್ದರು. ಮೊಮ್ಮಕ್ಕಳಿಗೆ ತೆಲುಗು ಬಿಟ್ಟು ಬೇರೆ ಬಾರದು. ನನ್ನ ಮಾತು ಎರಡು ನಿಮಿಷ ಕೇಳಿದವರೇ, "ಮೇಡಂಗಾರೂ, ನಿಮ್ ಕನ್ನಡದಾಗ ಇಂಗ್ಲಿಷ್ ಜಾಸ್ತಿ, ನನ್ ಕನ್ನಡದಾಗ ತೆಲುಗು ಜಾಸ್ತಿ. ಇಬ್ಬರದೂ ಕೂಡಿಸಿದ್ರೂ ಒಂದು ನೆಟ್ಟನ ಕನ್ನಡ ಆಗಂಗಿಲ್ಲ ನೋಡ್ರಿ" ಎಂದರು. ನಗಲಿಲ್ಲ. ಅರ್ಧ ಹುಬ್ಬು ಮಾತ್ರ ಮೇಲೆ ಹೋಯಿತು.

ನಾನು ಆರಿಸಿಟ್ಟಿದ್ದು ಎಲ್ಲಕ್ಕಿಂತ ದೊಡ್ಡ ಕೊಂಡಿ. ಎರಡು ಕಡೆಗೂ ಸ್ಪ್ರಿಂಗ್ ಬಾರುಗಳು, ಸರಪಳಿಗಳು, ನೋಡಿದರೇ ಧೈರ್ಯ ಬರಬೇಕು. ಮೇಸ್ತ್ರಿ ಫೈಲನ್ನು ಒಂದೊಂದೇ ಪುಟ ತಿರುವಿ ವಾಪಸ್ ಕೊಟ್ಟರು.

"ಇದು ಆನಿಗೆ ಹಾಕೋ ಸರಪಳಿರಿ. ನಿಮ್ದು ಮೇಕಿ."

ಸೀಮೆಸುಣ್ಣದಿಂದ ನೆಲದ ಮೇಲೆ ಬರೆದು ತೋರಿಸಿದರು. ಒಂದೇ ಅಚ್ಚಿನ ಸಣ್ಣ ಗಾಡಿಗೆ ಒಂದು ಫ್ರಿಕ್ಷನ್ ಬಾರ್ ಸಾಕು. ಜೀಪಿನ ಹಿಂಭಾಗಕ್ಕೂ ಗಾಡಿಯ ಮೂತಿಗೂ ನಡುವೆ ಒಂದು ಉಕ್ಕಿನ ಪಟ್ಟಿ. ಅದು ಬ್ರೇಕಿನಂಥ ಎರಡು ಪ್ಯಾಡುಗಳ ಮಧ್ಯೆ ಬಿಗಿಯಾಗಿ ಜಾರುತ್ತಿರುತ್ತದೆ. ಬಾಲ ಬೀಸಲು ಹೊರಟರೆ ಪ್ಯಾಡುಗಳು ಹಿಡಿದು ತಡೆಯುತ್ತವೆ. ಮಳೆಯಲ್ಲಿ ಸಡಿಲಿಸಬೇಕು, ಹಿಂದಕ್ಕೆ ತೆಗೆಯುವ ಮೊದಲು ಬಿಚ್ಚಿಡಬೇಕು. ಇಷ್ಟೇ ಅದರ ಶಾಸ್ತ್ರ.

"ಹಾಗಾದರೆ ಅದನ್ನೇ ಫಿಟ್ ಮಾಡಿ" ಎಂದೆ.

"ಖಾಲಿ ಮನಿ ನೋಡಿ ಏನ್ ಮಾಡ್ಲಿರಿ? ಸಂಸಾರ ತುಂಬ್ಕೊಂಡು ಬರ್ರಿ. ಊರಿಗೆ ಹೊಂಟಂಗ."

ಅಷ್ಟರಲ್ಲಿ ಅವರ ಕಣ್ಣು ಜೀಪಿನ ಕಡೆ ಹೋಯಿತು. ಇವರು ಮಡಿಚಿದ ಪೇಪರನ್ನು ತೊಡೆಯ ಮೇಲಿಟ್ಟುಕೊಂಡು ಕೂತೇ ಇದ್ದರು. "ಸಾರು ಇಳಿಯಂಗಿಲ್ಲೇನ್ರಿ?" ಎಂದು ಕೇಳಿದರು. ಇವರಿಗೆ ಕೇಳಿಸುವ ಹಾಗೆಯೇ ನಾನು, "ಅವರಿಗೆ ಕಣ್ಣು ಸರಿಯಿಲ್ಲ. ತುನಿ ಹತ್ತಿರ ಬಸ್ಸು ಕಾಣದೇ ಹೋಗಿದ್ದಕ್ಕೇ ಇಷ್ಟೆಲ್ಲ ಆಗಿದ್ದು" ಎಂದೆ. ಇವರು ತಲೆ ತಗ್ಗಿಸಿದರು. ಅದನ್ನು ನೆನೆದರೆ ಇವತ್ತಿಗೂ ಮುಖ ಬಿಸಿಯಾಗುತ್ತದೆ.

ಮುಂದಿನ ವಾರ ಗ್ಯಾಸ್ ಸಿಲಿಂಡರು, ತುಂಬಿದ ಟ್ಯಾಂಕು, ಅಕ್ಕಿ ಡಬ್ಬ, ಗ್ರೈಂಡರು, ಹಾಸಿಗೆ ಎಲ್ಲ ಹೇರಿಕೊಂಡು ಹೋದೆವು. ಮೇಸ್ತ್ರಿ ಜೀಪಿನಿಂದ ಗಾಡಿಯನ್ನು ಬಿಡಿಸಿದರು. ಆಮೇಲೆ ಬಗ್ಗಿ, ಅದರ ಮೂತಿಯನ್ನು ಒಂದೇ ಕೈಯಲ್ಲಿ ಎತ್ತಿಬಿಟ್ಟರು. ನನಗಿಂತ ವಯಸ್ಸಾದ, ಕಡ್ಡಿಯಂಥ ಮನುಷ್ಯ! ಎತ್ತಿ ಹಿಡಿದುಕೊಂಡೇ ನನ್ನ ಮುಖ ನೋಡಿದರು.

"ಮೂತಿ ಇಷ್ಟು ಹಗುರ ಇರಬಾರದ್ರಿ. ಹತ್ತರಾಗ ಒಂದು ಪಾಲಾದ್ರೂ ತೂಕ ಇಲ್ಲಿ ಕುಂದ್ರಬೇಕು. ಎಲ್ಲಾ ಭಾರ ಹಿಂದ ಐತಿ. ಹಿಂದ ಭಾರ ಇದ್ರ ಬಾಲ ಬೀಸೇ ಬೀಸತೈತಿ, ಯಾರು ಓಡಿಸಿದ್ರೂ. ಅಡಿಗಿಮನಿ ಹಿಂದ ಇಟ್ಟೋರು ಯಾರ್ರಿ?"

ಇಟ್ಟವಳು ನಾನೇ. ಇವರು ಅಡುಗೆಯನ್ನು ಮುಂದಕ್ಕೇ ಪ್ಲಾನ್ ಮಾಡಿದ್ದರು. ಒಲೆ ಆಗ್ನೇಯದಲ್ಲೇ ಇರಬೇಕೆಂದು ಪಕ್ಕದ ಮನೆಯವರು ಹೇಳಿದರೆಂದು ಹಟ ಹಿಡಿದು ಬದಲಾಯಿಸಿದ್ದೆ. ಕಾಂಪೌಂಡಿನಲ್ಲಿ ಗಾಡಿ ಪಶ್ಚಿಮಕ್ಕೆ ಮುಖ ಮಾಡಿ ನಿಂತಿತ್ತು, ಆಗ್ನೇಯವೆಂದರೆ ಹಿಂದಿನ ಮೂಲೆ. ಹನ್ನೊಂದು ವರ್ಷ ಕಾನ್ವೆಂಟಿನಲ್ಲಿ ಓದಿ, ವಾಸ್ತುವನ್ನು ಎಲ್ಲರೆದುರು ನಾನ್ಸೆನ್ಸ್ ಎಂದು ನಗುತ್ತಿದ್ದವಳು ನಾನು. ಕೊನೆಗೆ ಗೊಣಗಿಕೊಂಡು ಹೇಳಿದೆ.

ಮೇಸ್ತ್ರಿ ಅಂಗಳಕ್ಕೆ ಹೋಗಿ ಸೂರ್ಯನನ್ನು ನೋಡಿ ಬಂದರು. "ಇಲ್ಲಿ ಗಾಡಿ ಮೂಡಲಕ್ಕ ನಿಂತೈತಿ. ಈಗ ನಿಮ್ ಒಲಿ ವಾಯುವ್ಯಕ್ಕ ಬಂತು. ತುನಿ ಹತ್ರ ಯಾವ ದಿಕ್ಕಿಗಿತ್ತು, ಕೇಳಿದ್ರೇನು ಪಕ್ಕದ ಮನಿಯೋರನ್ನ?"

ನಗು ಬಂತು, ಅಳುವೂ ಬಂತು. "ಆಯ್ತು ಮೇಸ್ತ್ರಿ, ನನ್ನ ಮಿಸ್ಟೇಕ್. ಆ ಬಾರ್ ಹಾಕಿಬಿಡಿ, ಸರಿಹೋಗುತ್ತೆ."

"ಬಾರ್ ಹಾಕಿದ್ರ ರೋಗ ಮುಚ್ಚತೈತ್ರಿ, ವಾಸಿ ಆಗಂಗಿಲ್ಲ. ಮೊದಲು ಅಡಿಗಿಮನಿ ಮುಂದಕ್ಕ ತರ್ರಿ." ಆಮೇಲೆ ರಸ್ತೆಯಾಚೆ ಟೀ ಅಂಗಡಿಯಲ್ಲಿ ಒಬ್ಬರೇ ಕೂತಿದ್ದ ಇವರ ಕಡೆ ಗದ್ದ ಎತ್ತಿ ತೋರಿಸಿದರು. "ಅದಕ್ಕೂ ಮೊದಲು ಸಾರಿಗೆ ಹೇಳ್ರಿ. ಹೇಳಿದ ಮ್ಯಾಲೆ ನಾ ಬೋಲ್ಟ್ ಬಿಗೀತೀನಿ."

"ಅದಕ್ಕೂ ಬೋಲ್ಟಿಗೂ ಏನು ಸಂಬಂಧ?" ಎಂದು ರೇಗಿದೆ.

"ನನ್ ಷೆಡ್ಡು, ನನ್ ಬೋಲ್ಟು" ಎಂದು ಬೀಡಿ ಹಚ್ಚಿಕೊಂಡು ಆಚೆ ಹೋದರು.

ಆ ರಸ್ತೆ ದಾಟಲು ನನಗೆ ಬಹಳ ಹೊತ್ತು ಹಿಡಿಯಿತು. ಲಾರಿಗಳ ನೆಪ. ಟೀ ಅಂಗಡಿಯ ಬೆಂಚಿನ ಮೇಲೆ ಇವರ ಪಕ್ಕ ಕೂತು ಹೇಳಿದೆ. ಕಣ್ಣಲ್ಲ, ಬಸ್ಸಲ್ಲ, ನನ್ನ ಒಲೆ ಎಂದೆ. ಸಾರಿ ಎಂದೆ. ನಲವತ್ತಾರು ವರ್ಷದ ಸಂಸಾರದಲ್ಲಿ ಇಂಗ್ಲಿಷಿನಲ್ಲಿ ಸಾವಿರ ಸಲ ಹೇಳಿದ್ದ ಪದ ಅವತ್ತು ಸಾಲಲಿಲ್ಲ. "ತಪ್ಪು ನಂದು ರೀ" ಎಂದೆ.

ಇವರು ಗ್ಲಾಸನ್ನು ಕೆಳಗಿಟ್ಟರು. ಬೈಯುತ್ತಾರೇನೋ ಎಂದುಕೊಂಡೆ.

"ಹಾಗಾದರೆ ಬಸ್ಸು ನನಗೆ ಕಂಡಿತ್ತು" ಎಂದರು, ತಮ್ಮಷ್ಟಕ್ಕೇ ಎಂಬಂತೆ. "ಕಂಡಿದ್ದು ನಿಜವೋ, ಕಂಡಿತೆಂದು ನಾನೇ ಅಂದುಕೊಂಡೆನೋ ಅಂತ ಇಷ್ಟು ದಿನ ಗೊತ್ತಾಗ್ತಿರಲಿಲ್ಲ ಕಣೇ. ಮೆಟ್ಟಿಲು ಇಳಿಯೋಕೂ ಭಯ ಆಗ್ತಿತ್ತು."

ಮರುದಿನದಿಂದಲೇ ಅಡುಗೆಮನೆ ಬಿಚ್ಚಲು ಕೂತರು. ಹದಿನೈದು ದಿನದಲ್ಲಿ ಒಲೆ, ಟ್ಯಾಂಕು, ಗ್ರೈಂಡರು ಅಚ್ಚಿನಿಂದ ಮುಂದಕ್ಕೆ ಬಂದವು. ಆಮೇಲೆ ಷೆಡ್ಡಿನಲ್ಲಿ ಮೇಸ್ತ್ರಿ ಮೂತಿಗೆ ಒಂದು ದಪ್ಪ ಪ್ಲೇಟು ಬೆಸೆದು, ಬಾರಿನ ತುದಿ ಸಿಕ್ಕಿಸುವ ಸಣ್ಣ ಗುಂಡು ಕೂರಿಸುವ ಜಾಗವನ್ನು ಮೂರು ಸಲ ಅಳೆದು, ಒಮ್ಮೆ ತೂತು ಕೊರೆದರು. ಬೋಲ್ಟ್ ಬಿಗಿಯುವಾಗ ಇವರನ್ನೇ ಕರೆದು ಸ್ಪ್ಯಾನರ್ ಹಿಡಿಸಿದರು. ನನ್ನನ್ನು ಕರೆಯಲಿಲ್ಲ.

ಟೆಸ್ಟ್ ನೋಡಲು ಹೈವೇಗೆ ಹೊರಟಾಗ ನಾನು ಅಭ್ಯಾಸಬಲದಿಂದ ಡ್ರೈವರ್ ಸೀಟಿನ ಕಡೆ ನಡೆದೆ. "ಮೇಡಂಗಾರೂ, ಹಿಂದ ಕುಂದರ್ರಿ. ಸಾರು ಓಡಿಸ್ತಾರ" ಎಂದ ಮೇಸ್ತ್ರಿ, ಇವರ ಪಕ್ಕದಲ್ಲಿ ತಾವೇ ಹತ್ತಿ ಕೂತರು. ಒಂದು ಟ್ಯಾಂಕರ್ ಹಾರ್ನ್ ಹೊಡೆಯುತ್ತ ಹಿಂದೆ ಬಂತು. ಚಿಕ್ಕಂದಿನಲ್ಲಿ ಚ್ಯಾಪೆಲ್ಲಿನಲ್ಲಿ ಕಲಿತ ಪ್ರಾರ್ಥನೆ ತಾನಾಗಿಯೇ ಬಾಯಿಗೆ ಬಂತು. ಗಟ್ಟಿಯಾಗಿ ಕಣ್ಣು ಮುಚ್ಚಿಕೊಂಡೆ.

"ಕಣ್ ಬಿಡ್ರಿ, ಆಮೆನ್ ಆತು" ಎಂದರು ಮೇಸ್ತ್ರಿ.

ಟ್ಯಾಂಕರ್ ಆಗಲೇ ಮುಂದೆ ಹೋಗಿತ್ತು. ಗಾಡಿಮನೆ ಗೆರೆ ಎಳೆದಂತೆ ಹಿಂದೆ ಬರುತ್ತಿತ್ತು. ಕನ್ನಡಿಯಲ್ಲಿ ಇವರ ಮುಖ ಕಂಡಿತು. ನಗುತ್ತಿದ್ದರು.

ಆ ಚಳಿಗಾಲದಲ್ಲಿ ಇವರೇ ಓಡಿಸಿಕೊಂಡು ವಿಜಯವಾಡಕ್ಕೆ ಹೋದೆವು. ಅಲ್ಲಿ ಒಂದು ವಾರ ಅಂದುಕೊಂಡಿದ್ದು ಮೂರು ವಾರವಾಯಿತು. ಕೃಷ್ಣೆಯ ಮೇಲೆ ಬೆಳಗಿನ ಮಂಜು ಹೇಗೆ ಏಳುತ್ತಿದೆಯೆಂದು ಇವರು ಫೋನಿನಲ್ಲಿ ಮೇಸ್ತ್ರಿಗೆ ವರ್ಣಿಸಿದರು. ಅವರು ಆ ಕಡೆಯಿಂದ ಕೇಳಿದ್ದು ಪ್ಯಾಡು ಬಿಸಿಯಾಗುತ್ತಿದೆಯೇ ಎಂದಷ್ಟೇ. ಬರುವಾಗ ಮಂಗಳಗಿರಿಯಿಂದ ಅವರ ಹೆಂಡತಿಗೊಂದು ಸೀರೆ ತಂದೆವು. ಆಮೇಲೂ ಪ್ರತಿ ವರ್ಷ ಬಾರ್ ತೋರಿಸುವ ನೆಪದಲ್ಲಿ ಗಾಜುವಾಕಕ್ಕೆ ಹೋಗುತ್ತಿದ್ದೆವು. ಸಾಸರಿಗೆ ಟೀ ಬಗ್ಗಿಸಿ ಕುಡಿಯುತ್ತ ಅವರು ಇವರೊಂದಿಗೆ ಮರ, ಕಬ್ಬಿಣ ಅಂತ ಗಂಟೆಗಟ್ಟಲೆ ಮಾತಾಡುತ್ತಿದ್ದರು.

ಕಳೆದ ಶ್ರಾವಣದಲ್ಲಿ ಅವರ ಹೆಂಡತಿ ಫೋನ್ ಮಾಡಿ, "ಮೇಸ್ತ್ರಿ ಹೋಗಿಬಿಟ್ರಮ್ಮಾ" ಎಂದರು. ಮಧ್ಯಾಹ್ನ ಊಟ ಮಾಡಿ ಷೆಡ್ಡಿನಲ್ಲಿ ಮಲಗಿದವರು ಏಳಲಿಲ್ಲವಂತೆ. ಇಬ್ಬರೂ ಹೋಗಿ ಬಂದೆವು. ವಾಪಸ್ ಬರುವ ದಾರಿಯುದ್ದಕ್ಕೂ ನನ್ನ ತಲೆಯಲ್ಲಿ ಒಂದೇ ಯೋಚನೆ. ಅವತ್ತು ನಾನು ಹೇಳಿದ ಹಾಗೆ ಕೇಳಿ, ಆ ಬಾರನ್ನು ಬಿಗಿದು ಅವರು ನಮ್ಮನ್ನು ಕಳಿಸಿಬಿಡಬಹುದಿತ್ತು. ಗಾಡಿ ಬಹುಶಃ ತಕ್ಕಮಟ್ಟಿಗೆ ನೆಟ್ಟಗೆ ಓಡುತ್ತಿತ್ತು, ಓಡಿಸುವವಳು ನಾನಾಗಿರುತ್ತಿದ್ದೆ. ಪಕ್ಕದ ಸೀಟಿನಲ್ಲಿ ಇವರು, ತಮ್ಮ ಕಣ್ಣಿಗೆ ಬಸ್ಸು ಕಂಡೇ ಇರಲಿಲ್ಲವೆಂದು ನಂಬಿಕೊಂಡು, ಕೃಷ್ಣೆಯವರೆಗೂ ಸುಮ್ಮನೆ ಕೂತು ಬರುತ್ತಿದ್ದರು.